ಊರ ಸುತ್ತಿನ ಹೆಜ್ಜೆ, ದೂರದೂರಿನ ಲೆಕ್ಕ

ನಮ್ಮ ಹಳ್ಳಿಗಳಲ್ಲೂ ಈಗ ಹೆಜ್ಜೆ ಎಣಿಸುವವರು ಹೆಚ್ಚಾಗಿದ್ದಾರೆ. ಡೇರಿಗೆ ಹಾಲು ಹಾಕಿ ಬರುವವರು, ಶುಗರ್ ಇದೆ ಎಂದು ಡಾಕ್ಟರು ನಡೆಯಲು ಹೇಳಿದವರು, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು, ಹೀಗೆ ಬಹಳ ಜನರ ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್ ಇದೆ. ಇವತ್ತು 10,000 ಆಯಿತೇ ಎಂದು ಸಂಜೆ ನೋಡಿಕೊಳ್ಳುತ್ತಾರೆ. ಕೆಲವು ಆ್ಯಪ್‌ಗಳು ಇನ್ನೊಂದು ಆಟವನ್ನೂ ಆಡಿಸುತ್ತವೆ. ನೀವು ಕೆರೆ ಏರಿಯ ಮೇಲೆ ನಡೆದ ದೂರವನ್ನೆಲ್ಲ ಕೂಡಿಸಿ, ನಕ್ಷೆಯ ಮೇಲೆ ನಿಮ್ಮನ್ನು ಕಾಶಿಗೋ ಹಿಮಾಲಯಕ್ಕೋ ಕರೆದೊಯ್ಯುತ್ತವೆ. ಕಾಲು ಊರಲ್ಲಿ, ಲೆಕ್ಕ ಕಾಶಿಯಲ್ಲಿ.

ನೋಡಲು ಹೊಸ ಆಟ, ಆದರೆ ಇದರ ಹಿಂದಿನ ಕಥೆ ಹಳೆಯದು. ಹೆಜ್ಜೆ ಎಣಿಸಿದವರ ಮತ್ತು ಕಂಡದ್ದನ್ನು ಬರೆದಿಟ್ಟ ಒಬ್ಬರ ಕಥೆಯನ್ನು ಇಲ್ಲಿ ಹೇಳುತ್ತೇವೆ. ಕೊನೆಗೆ ನಮ್ಮೂರ ದಾರಿಗೆ ಬರೋಣ.

ಮೈಲಿ ಎಂದರೇ ಹೆಜ್ಜೆ

ಮೈಲಿ ಎಂಬ ಅಳತೆ ಹುಟ್ಟಿದ್ದೇ ಹೆಜ್ಜೆಯಿಂದ. ಹಿಂದೆ ರೋಮನ್ನರು ಎಡಗಾಲು, ಬಲಗಾಲು ಸೇರಿಸಿ ಒಂದು ಎಂದು ಎಣಿಸುತ್ತಿದ್ದರು. ಅಂಥ ಸಾವಿರ ಸೇರಿದರೆ ಒಂದು ಮೈಲಿ. ಅವರ ಭಾಷೆಯ 'ಸಾವಿರ' ಎಂಬ ಪದವೇ ಮೈಲಿ ಆಯಿತು.

ನಮ್ಮಲ್ಲೂ ದೂರದ ಲೆಕ್ಕ ಮೈಯಿಂದಲೇ ಹುಟ್ಟಿತ್ತು. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ ಕೂಗಳತೆ. ಅದಕ್ಕಿಂತ ದೊಡ್ಡದು ಹರದಾರಿ, ಅಂದರೆ ಸುಮಾರು ಮೂರು ಮೈಲಿ. ಇನ್ನೂ ದೊಡ್ಡದು ಗಾವುದ. 1956ರ ಕಾನೂನಿನ ನಂತರ ದೇಶಕ್ಕೆಲ್ಲ ಕಿಲೋಮೀಟರ್ ಬಂತು. ಮೈಲಿ ಹೋಯಿತು, ಮೈಲಿಗಲ್ಲು ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ನೂರು ಮಣಿಯ ಜಪಮಾಲೆ

ಹೆಜ್ಜೆ ಎಣಿಸುವುದನ್ನೇ ಕೆಲಸ ಮಾಡಿಕೊಂಡವರಲ್ಲಿ ದೊಡ್ಡ ಹೆಸರು ನೈನ್ ಸಿಂಗ್ ರಾವತ್ ಅವರದು. ಈಗಿನ ಉತ್ತರಾಖಂಡದ ಮಿಲಮ್ ಎಂಬ ಗಡಿ ಹಳ್ಳಿಯವರು, ಶಾಲಾ ಮೇಷ್ಟ್ರು. ಆಗ ಟಿಬೆಟ್‌ಗೆ ಹೊರದೇಶದವರಿಗೆ ಪ್ರವೇಶ ಇರಲಿಲ್ಲ. ಬ್ರಿಟಿಷರಿಗೆ ಅಲ್ಲಿನ ನಕ್ಷೆ ಬೇಕಿತ್ತು. ಅದಕ್ಕೆ ಗಡಿಯ ಜನರನ್ನೇ ಆರಿಸಿ ಡೆಹ್ರಾಡೂನ್‌ನಲ್ಲಿ ತರಬೇತಿ ಕೊಟ್ಟರು. ಏರು ಇರಲಿ, ಇಳಿಜಾರು ಇರಲಿ, ಹೆಜ್ಜೆಯ ಅಳತೆ ಬದಲಾಗಬಾರದು. ಇದು ಅಲ್ಲಿನ ಮುಖ್ಯ ಪಾಠ.

ನೈನ್ ಸಿಂಗ್ ಅವರು ವೇಷ ಮರೆಸಿಕೊಂಡು 1865ರಲ್ಲಿ ನೇಪಾಳದ ಕಡೆಯಿಂದ ಹೊರಟರು. ಕೈಯಲ್ಲಿ ಜಪಮಾಲೆ. ಸಾಮಾನ್ಯವಾಗಿ ಜಪಮಾಲೆಗೆ 108 ಮಣಿ, ಅವರದಕ್ಕೆ 100. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಮುಗಿಯುವಾಗ 10,000 ಹೆಜ್ಜೆ. ಸುಮಾರು 2,000 ಹೆಜ್ಜೆಗೆ ಒಂದು ಮೈಲಿಯಂತೆ ಒಂದು ಸುತ್ತಿಗೆ ಐದು ಮೈಲಿ. ಟಿಬೆಟಿನವರು ಕೈಯಲ್ಲಿ ಹಿಡಿದು ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಹಾಳೆ ಇರುತ್ತದೆ. ಇವರ ಚಕ್ರದೊಳಗೆ ಇದ್ದದ್ದು ದೂರ, ದಿಕ್ಕು ಬರೆದ ಚೀಟಿಗಳು. 1866ರ ಜನವರಿಯಲ್ಲಿ ಅವರು ಲಾಸಾ ಮುಟ್ಟಿದರು. ಆ ಪ್ರಯಾಣದಲ್ಲಿ ಹೀಗೆ ಎಣಿಸಿದ್ದು ಸುಮಾರು 1,200 ಮೈಲಿ, ಅಂದರೆ 24 ಲಕ್ಷಕ್ಕೂ ಹೆಚ್ಚು ಹೆಜ್ಜೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ಕೊಟ್ಟಿತು.

10,000 ಬಂದದ್ದು ಎಲ್ಲಿಂದ?

ನೈನ್ ಸಿಂಗ್ ಹೊರಟು ಸರಿಯಾಗಿ ನೂರು ವರ್ಷಕ್ಕೆ, 1965ರಲ್ಲಿ, ಜಪಾನಿನ ಯಮಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಹಿಂದಿನ ವರ್ಷವಷ್ಟೇ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದಿತ್ತು. ಯಂತ್ರದ ಹೆಸರು ಮಾನ್ಪೊ-ಕೇ, ಅಂದರೆ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ನಿಮ್ಮ ಆ್ಯಪ್ ಕೇಳುವ 10,000 ಬಂದದ್ದು ಇಲ್ಲಿಂದ. ಡಾಕ್ಟರುಗಳು ಪರೀಕ್ಷೆ ಮಾಡಿ ಹೇಳಿದ ಸಂಖ್ಯೆ ಅದಲ್ಲ, ಸರಕಿಗೆ ಇಟ್ಟ ಹೆಸರು. ಅದಕ್ಕಿಂತ ಕಡಿಮೆ ನಡೆದರೂ ದೇಹಕ್ಕೆ ಲಾಭವಿದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಹಾಗಾಗಿ 6,000ಕ್ಕೆ ನಿಂತವರು ಬೇಸರ ಮಾಡಿಕೊಳ್ಳಬೇಕಿಲ್ಲ.

ಜೈಲಿನೊಳಗಿನ ಲೋಕಸಂಚಾರ

ಇದ್ದಲ್ಲೇ ನಡೆದು ನಕ್ಷೆಯಲ್ಲಿ ದೂರ ಹೋಗುವ ಆಟವನ್ನು ಆ್ಯಪ್ ಬರುವ ಬಹಳ ಮೊದಲೇ ಆಡಿದವನು ಆಲ್ಬರ್ಟ್ ಸ್ಪೀರ್. ಇವನು ಹೊಗಳಿಸಿಕೊಳ್ಳುವ ಮನುಷ್ಯನಲ್ಲ. ಹಿಟ್ಲರನ ಮಂತ್ರಿಯಾಗಿದ್ದವನು, ಲಕ್ಷಾಂತರ ಜನರನ್ನು ಬಲವಂತದ ದುಡಿಮೆಗೆ ಹಚ್ಚಿದ ಅಪರಾಧಕ್ಕೆ 1946ರಲ್ಲಿ 20 ವರ್ಷ ಶಿಕ್ಷೆ ಪಡೆದವನು. ಬರ್ಲಿನ್ನಿನ ಸ್ಪಾಂಡೌ ಜೈಲಿನ ತೋಟದಲ್ಲಿ ಅವನು ದಿನವೂ ಸುತ್ತು ಹಾಕುತ್ತಿದ್ದ. 1954ರಿಂದ ಅದನ್ನು ಲೆಕ್ಕ ಇಡತೊಡಗಿದ. ಒಂದು ಸುತ್ತಿಗೆ ಒಂದು ಕಾಳನ್ನು ಈ ಜೇಬಿನಿಂದ ಆ ಜೇಬಿಗೆ ಹಾಕುವುದು. ನಮ್ಮಲ್ಲಿ ಅರಳಿ ಕಟ್ಟೆಗೆ 108 ಪ್ರದಕ್ಷಿಣೆ ಹಾಕುವವರು ಹೂವನ್ನೋ ಕಾಳನ್ನೋ ಇಟ್ಟು ಎಣಿಸುತ್ತಾರಲ್ಲ, ಅದೇ ಉಪಾಯ.

ಮೊದಲು ಲೆಕ್ಕದಲ್ಲಿ ಬರ್ಲಿನ್ನಿನಿಂದ ತನ್ನ ಮನೆಯಿದ್ದ ಹೈಡೆಲ್‌ಬರ್ಗ್‌ಗೆ ಹೋದ. ಆಮೇಲೆ ನಕ್ಷೆ, ಪ್ರವಾಸದ ಪುಸ್ತಕಗಳನ್ನು ಓದುತ್ತ ಏಷ್ಯಾ ದಾಟಿ ಅಮೆರಿಕದ ಕಡೆಗೆ ಹೊರಟ. 1966ರಲ್ಲಿ ಬಿಡುಗಡೆಯಾಗುವಾಗ ಲೆಕ್ಕ 31,816 ಕಿಲೋಮೀಟರ್‌ಗೆ ಬಂದಿತ್ತು. ನಕ್ಷೆಯಲ್ಲಿ ಅವನು ಮೆಕ್ಸಿಕೋದಲ್ಲಿದ್ದ, ಕಾಲು ಮಾತ್ರ ಅದೇ ತೋಟದಲ್ಲಿತ್ತು.

ಇಬ್ಬರೂ ಎಣಿಸಿದ್ದು ಹೆಜ್ಜೆಯನ್ನೇ. ಸ್ಪೀರ್ ಎಣಿಸಿದ್ದು ತಾನಿರುವ ಜಾಗ ಮರೆಯಲು. ನೈನ್ ಸಿಂಗ್ ಎಣಿಸಿದ್ದು ಕಾಲಡಿಯ ಜಾಗವನ್ನು ದಾಖಲಿಸಲು. ನಮ್ಮ ಆ್ಯಪ್ ನಮ್ಮನ್ನು ಯಾವ ಕಡೆ ಎಳೆಯುತ್ತಿದೆ ಎಂದು ಒಮ್ಮೆ ಯೋಚಿಸಬೇಕು.

ದಿನವೂ ಕಂಡದ್ದೇ ಚರಿತ್ರೆ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗೆ ಕಳಿಸಿತು. ಅವನು ಊರಿಂದೂರಿಗೆ ಹೋಗುತ್ತ, ಇವತ್ತು ಎಷ್ಟು ದೂರ ಬಂದೆ, ಏನು ಕಂಡೆ ಎಂದು ದಿನದ ಲೆಕ್ಕ ಬರೆದ. ರಾಗಿ ಬಿತ್ತುವ ಕ್ರಮ, ಕೆರೆ, ನೇಕಾರಿಕೆ, ಕಬ್ಬಿಣ ಕರಗಿಸುವ ಕುಲುಮೆ, ಅಡಿಕೆ ತೋಟ ಎಲ್ಲವೂ ಅದರಲ್ಲಿವೆ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯಿತು. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ಸಿಗುತ್ತದೆ ಎಂದು ತಿಳಿಯುವುದು ಕಂಪನಿಯ ಉದ್ದೇಶ. ಆದರೂ ಆ ಕಾಲದ ನಮ್ಮ ಹಳ್ಳಿಗಳನ್ನು ತಿಳಿಯಲು ಇಂದಿಗೂ ಆ ಪುಸ್ತಕ ತೆರೆಯುತ್ತಾರೆ. ಆಗಿನವರಿಗೆ ಅದು ದಿನನಿತ್ಯ ಕಾಣುವ ಸಂಗತಿ, ಬರೆಯಬೇಕಾದ್ದು ಎಂದು ಅನ್ನಿಸಿರಲಿಕ್ಕಿಲ್ಲ.

ನಕಾಶೆ ಕಂಡ ದಾರಿ

ನಮ್ಮೂರುಗಳಲ್ಲಿ ಇದು ಬರೀ ಹವ್ಯಾಸದ ಮಾತಲ್ಲ. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗೆರೆ ಎಳೆದು ತೋರಿಸಿರುತ್ತಾರೆ. ನಕಾಶೆ ಕಂಡ ದಾರಿ ಎಂದು ಕರೆಯುವುದು ಅದನ್ನೇ. ಬೈಕು ಬಂದ ಮೇಲೆ ಆ ದಾರಿಗಳಲ್ಲಿ ನಡೆಯುವವರು ಕಡಿಮೆಯಾದರು. ಹತ್ತು ವರ್ಷ ಯಾರೂ ನಡೆಯದಿದ್ದರೆ ಬದು ಒತ್ತಿ ಬರುತ್ತದೆ, ಬೇಲಿ ಬೀಳುತ್ತದೆ. ಆಮೇಲೆ 'ಇಲ್ಲಿ ದಾರಿಯೇ ಇರಲಿಲ್ಲ' ಎಂಬ ಮಾತು ಹುಟ್ಟುತ್ತದೆ. ದಾರಿಯ ಜೊತೆ ಅದರ ಬದಿಯ ಬಾವಿ, ಅರವಟ್ಟಿಗೆ, ವೀರಗಲ್ಲು, ಹುಣಸೆ ತೋಪಿನ ಹೆಸರೂ ಹೋಗುತ್ತವೆ.

ಇನ್ನೊಂದು ಮಾತು. ಮೊಬೈಲ್ ಜೇಬಿನಲ್ಲಿದ್ದವರ ಹೆಜ್ಜೆಯನ್ನಷ್ಟೇ ಆ್ಯಪ್ ಎಣಿಸುತ್ತದೆ. ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಅವ್ವಂದಿರ, ಕೊಡ ಹಿಡಿದು ನೀರಿಗೆ ಹೋಗುವ ಅಕ್ಕಂದಿರ ಹೆಜ್ಜೆ ಎಷ್ಟೋ ಮನೆಗಳಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಊರಿನ ಕಾಲುದಾರಿಗಳು ಇಂದಿಗೂ ಉಳಿದಿದ್ದರೆ ಅದಕ್ಕೆ ಅವರ ಹೆಜ್ಜೆಯೂ ಕಾರಣ. ಯಾವ ದಾರಿ ಎಲ್ಲಿಗೆ ಕೂಡುತ್ತದೆ, ಅದಕ್ಕೆ ಏನು ಹೆಸರು ಎಂದು ಮೊದಲು ಕೇಳಬೇಕಾದ್ದು ಅವರನ್ನೇ.

ಆದ್ದರಿಂದ ನಮ್ಮ ಬಳಗದ ಸಲಹೆ ಇಷ್ಟು. ದೂರದ ಪ್ರಯಾಣದ ಆಟ ಆಡಿ, ತಪ್ಪೇನಿಲ್ಲ. ನಿಮ್ಮೂರಿಂದ ಹಂಪಿ 200 ಕಿಲೋಮೀಟರ್ ಇದೆ ಎಂದುಕೊಳ್ಳಿ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆದರೆ 50 ದಿನಕ್ಕೆ ಲೆಕ್ಕದಲ್ಲಿ ಹಂಪಿ ಮುಟ್ಟುತ್ತೀರಿ. ಆದರೆ ಆ 50 ದಿನವೂ ಒಂದೇ ರಸ್ತೆ ಬೇಡ. ಊರಿನ ಒಂದೊಂದು ಹಳೇ ದಾರಿ ಹಿಡಿಯಿರಿ. ತಾರೀಖು ಹಾಕಿ ಎರಡು ಸಾಲು ಬರೆಯಿರಿ: ಯಾವ ದಾರಿ, ಎಲ್ಲಿಂದ ಎಲ್ಲಿಗೆ, ಎಷ್ಟು ಹೆಜ್ಜೆ, ಬಾವಿಯಲ್ಲಿ ನೀರಿದೆಯೇ, ಹೊಲದಲ್ಲಿ ಏನು ಬೆಳೆ, ದಾರಿ ಎಲ್ಲಿ ಮುಚ್ಚಿದೆ. ಒಂದು ಫೋಟೋ ತೆಗೆಯಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ, ಹೆಸರುಗಳು ಅವರ ಬಾಯಿಗೆ ಬರಲಿ.

50 ದಿನ ಕಳೆಯುವ ಹೊತ್ತಿಗೆ ಊರಿನ ದಾರಿಗಳ ಒಂದು ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಅದರ ಒಂದು ಪ್ರತಿಯನ್ನು ಶಾಲೆಗೆ, ಇನ್ನೊಂದನ್ನು ಪಂಚಾಯಿತಿ ಲೈಬ್ರರಿಗೆ ಕೊಡಿ.