ಎದ್ದು ಹೊರಟ ಪ್ರೇಕ್ಷಕ

ಅರ್ನ್ಸ್ಟ್ ಲ್ಯುಬಿಚ್ ನಿರ್ದೇಶನದ ‘ಟು ಬಿ ಆರ್ ನಾಟ್ ಟು ಬಿ’ (1942) ಚಿತ್ರದಲ್ಲಿ ವಾರ್ಸಾದ ನಾಟಕ ತಂಡವೊಂದು ನಾಜಿ ವೇಷ ತೊಟ್ಟು, ನಾಜಿಗಳ ಕಣ್ಣಿಗೇ ಮಣ್ಣೆರಚಿ, ಹಿಟ್ಲರನ ವಿಮಾನದಲ್ಲೇ ಬ್ರಿಟನ್ನಿಗೆ ಪಾರಾಗುತ್ತದೆ. ಕಥೆ ಅಲ್ಲಿಗೇ ಮುಗಿಯಬಹುದಿತ್ತು, ಮುಗಿಯುವುದಿಲ್ಲ. ನಟ ಜೋಸೆಫ್ ಟುರಾ ಮತ್ತೆ ಹ್ಯಾಮ್ಲೆಟ್ ಆಗಿ ರಂಗಕ್ಕೆ ಬರುತ್ತಾನೆ. ಹಿಂದೆ ಇದೇ ‘ಟು ಬಿ ಆರ್ ನಾಟ್ ಟು ಬಿ’ ಸ್ವಗತ ಶುರುವಾದೊಡನೆ ಟುರಾನ ಹೆಂಡತಿ ಮರಿಯಾಳನ್ನು ಕಾಣಲು ಎದ್ದುಹೋಗುತ್ತಿದ್ದ ಪೈಲಟ್ ಸೊಬಿನ್‌ಸ್ಕಿಯ ಮೇಲೆಯೇ ಅವನ ಕಣ್ಣು. ಸೊಬಿನ್‌ಸ್ಕಿ ಕದಲುವುದಿಲ್ಲ, ಎದ್ದು ಹೊರಡುವವನು ಬೇರೊಬ್ಬ ಯುವ ಅಧಿಕಾರಿ. ಗಂಡನಷ್ಟೇ ಪೈಲಟ್ಟೂ ಬೆಪ್ಪಾಗುತ್ತಾನೆ.

ಯುದ್ಧ ಇನ್ನೂ ನಡೆಯುತ್ತಿದ್ದಾಗ ವಾರ್ಸಾದ ಸಂಕಟವನ್ನು ನಗೆಗೆ ವಸ್ತು ಮಾಡಿದ್ದು ಹಗುರತನವೆಂದು ಆಗಿನ ಕೆಲವು ವಿಮರ್ಶಕರು ದೂರಿದರು. ಆಕ್ಷೇಪ ಪೊಳ್ಳೇನಲ್ಲ. ಆದರೆ ಚಿತ್ರ ಆ ಸಂಕಟವನ್ನು ಮರೆತಿಲ್ಲ: ಸಣ್ಣ ಪಾತ್ರಗಳಲ್ಲೇ ಸವೆದ ನಟ ಗ್ರೀನ್‌ಬರ್ಗ್ ನಾಜಿಗಳ ನಡುವೆ ನಿಂತು ಶೇಕ್ಸ್‌ಪಿಯರನ ಯಹೂದಿ ಪಾತ್ರ ಶೈಲಾಕನ ಮಾತನ್ನಾಡುವಾಗ ನಗುವಿಗೆ ಎಡೆಯೇ ಇಲ್ಲ. ಅಷ್ಟೆಲ್ಲ ಆದ ಮೇಲೂ ಟುರಾ ವೀರನ ಗಾಂಭೀರ್ಯ ತಳೆಯದೆ, ಅದೇ ಜಂಬದ, ಹೆಂಡತಿಯನ್ನು ಶಂಕಿಸುವ (ಶಂಕೆ ಸುಳ್ಳೂ ಅಲ್ಲ) ನಟನಾಗಿಯೇ ಉಳಿಯುತ್ತಾನೆ. ಜನರನ್ನೆಲ್ಲ ಒಂದೇ ಅಚ್ಚಿಗೆ ಹಾಕಹೊರಟ ಆಡಳಿತಕ್ಕೆ ಈ ಮಾಸಿಹೋಗದ ದೌರ್ಬಲ್ಯವೇ ತಕ್ಕ ಉತ್ತರ.