ಲೋಟದ ಮೇಲೆ ಕೈ

ಒಂದು ಫೋಟೋ ಇದೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಜೂಲಿಯಸ್ ಬಾರು, 1966ರ ಏಪ್ರಿಲ್ 21. ಈಚೆ ಕೋಟು ಟೈ ತೊಟ್ಟ ನಾಲ್ವರು. ಆಚೆ ನಿಂತವನು ಲೋಟದ ಮೇಲೆ ಅಂಗೈ ಮುಚ್ಚಿದ್ದಾನೆ. ಊರ ಹೋಟ್ಲಲ್ಲಿ ಬೇರೆ ಲೋಟ ಕಂಡವರಿಗೆ ಈ ಕೈಯ ಗುರುತು ಹೇಳಬೇಕಾಗಿಲ್ಲ.

ಡಿಕ್ ಲೀಟ್ಶ್, ಕ್ರೇಗ್ ರಾಡ್‌ವೆಲ್, ಜಾನ್ ಟಿಮ್ಮನ್ಸ್, ಕೊನೆಗೆ ಬಂದು ಸೇರಿದ ರ‍್ಯಾಂಡಿ ವಿಕರ್. ಮ್ಯಾಟಶೀನ್ ಸೊಸೈಟಿ ಎಂಬ ಸಂಘದವರು, ಸಲಿಂಗಪ್ರೇಮಿಗಳು. ಪತ್ರಕರ್ತರನ್ನು ಕರಕೊಂಡು ಹೊರಟರು. ನಾವು ಸಲಿಂಗಪ್ರೇಮಿಗಳು, ಗಲಾಟೆ ಮಾಡೋರಲ್ಲ, ಕುಡಿಯೋಕೆ ಕೊಡಿ ಎಂದು ಕೇಳುವುದೇ ಹೋರಾಟ. ಈ ದಾರಿ ತೋರಿದವರು ಕಪ್ಪು ಜನ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರಿನಲ್ಲಿ ಕೂತು ಏಳಲಿಲ್ಲ.

ಮೊದಲ ಹೋಟೆಲು ಸುದ್ದಿ ತಿಳಿದು ಬಾಗಿಲೇ ಹಾಕಿತ್ತು. ಮುಂದಿನ ಎರಡು ಕಡೆ ತಕರಾರಿಲ್ಲದೆ ಕೊಟ್ಟರು. ಇಲ್ಲ ಅಂದದ್ದು ಜೂಲಿಯಸ್, ಅದೂ ಸಲಿಂಗಪ್ರೇಮಿ ಗಿರಾಕಿಗಳ ದುಡ್ಡಿನಲ್ಲೇ ನಡೆಯುತ್ತಿದ್ದ ಬಾರು! ಕೆಲವೇ ದಿನದ ಹಿಂದೆ ಅಲ್ಲಿ ಪೊಲೀಸರು ಮಫ್ತಿಯಲ್ಲಿ ಬಂದು ಹಿಡಿದಿದ್ದರು. ಲೈಸೆನ್ಸ್ ಹೋದೀತೆಂಬ ಭಯ.

ಇಂಥವರಿಗೆ ಕೊಡಬೇಡಿ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಬಾರಿನಲ್ಲಿ ‘ಅಶಿಸ್ತು’ ಕೂಡದು ಅಂತ ಇತ್ತು, ಅಷ್ಟೇ. ಇಬ್ಬರು ಗಂಡಸರು ಕುಣಿದರೆ, ಮುತ್ತಿಟ್ಟರೆ, ಬರೀ ಹತ್ತು ಜನ ಕೂಡಿದರೂ ಅದೇ ಅಶಿಸ್ತು ಅಂತ ಅಧಿಕಾರಿಗಳ ಲೆಕ್ಕ. ಕೇಳಿದರೆ ಮದ್ಯ ಪ್ರಾಧಿಕಾರದ ಅಧ್ಯಕ್ಷರು, ನಮ್ಮಲ್ಲಿ ಅಂಥ ನಿಯಮವೇ ಇಲ್ಲ, ಅದು ಬಾರಿನವನ ಇಷ್ಟ ಅಂದುಬಿಟ್ಟರು. ಬಾರಿನವನು ಸರ್ಕಾರದ ಕಡೆ ಬೆರಳು ಮಾಡ್ತಾನೆ, ಸರ್ಕಾರ ಬಾರಿನವನ ಕಡೆ. ಇದು ನಮಗೆ ಹೊಸ ಆಟವೇ? ನ್ಯೂಯಾರ್ಕ್ ಟೈಮ್ಸ್ ಮಾರನೇ ದಿನ ತಲೆಬರಹದಲ್ಲೇ ಅವರನ್ನು ವಿಕೃತರೆಂದು ಕರೆಯಿತು. ಕೋಟು ಟೈ ಕೂಡ ಕಾಪಾಡಲಿಲ್ಲ.

1967ರಲ್ಲಿ ಪಕ್ಕದ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಸಲಿಂಗಪ್ರೇಮಿಗಳು ಕೂಡಿದರು ಎಂಬುದಷ್ಟಕ್ಕೇ ಬಾರನ್ನು ದಂಡಿಸಬಾರದು ಅಂತು. ಹೋಟೆಲು, ಮನೆ, ಕೆಲಸಗಳಲ್ಲಿ ಭೇದ ನಿಷೇಧಿಸುವ ಕಾಯ್ದೆ ನ್ಯೂಯಾರ್ಕ್ ನಗರಕ್ಕೆ ಬಂದದ್ದು 1986ರಲ್ಲಿ. ಲೋಟದ ಮೇಲಿನ ಕೈ ತೆಗೆಸೋಕೆ ಇಪ್ಪತ್ತು ವರ್ಷ.

ಇತ್ತ ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಅಂತ ಹೆಸರಿಟ್ಟೇ ಹೇಳುತ್ತದೆ. 15ನೇ ವಿಧಿಯ ‘ಲಿಂಗ’ದೊಳಗೆ ಲೈಂಗಿಕ ಒಲವೂ ಸೇರುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಸ್ಪೃಶ್ಯತೆ ಆಚರಿಸುವ ಹೋಟೆಲಿನವನನ್ನು ಶಿಕ್ಷಿಸೋಕೆ 1955ರ ಕಾಯ್ದೆಯಾದರೂ ಇದೆ. ಇಬ್ಬರು ಗಂಡಸರಿಗೆ, ಇಬ್ಬರು ಹೆಂಗಸರಿಗೆ ಜೋಡಿ ಅನ್ನೋ ಕಾರಣಕ್ಕೆ ರೂಮಿಲ್ಲ ಅನ್ನುವ ಲಾಡ್ಜಿನವನಿಗೆ ಅಂಥದೊಂದು ಕಾಯ್ದೆ ಇನ್ನೂ ಬಂದಿಲ್ಲ.