ಕುತ್ತಿಗೆಯ ಗಂಟು ಮತ್ತು ಸ್ಕ್ಯಾನಿಂಗ್: ಕ್ಯಾನ್ಸರ್ ಚಿಕಿತ್ಸೆ ಫಲಿಸಿತೇ ಎಂದು ಅರಿಯುವ ಬಗೆ

ಗೋಕಾಕ: ಬಾಯಿ, ಗಂಟಲು ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ರೋಗಿಯನ್ನು ಕಾಡುವ ಪ್ರಶ್ನೆ ಒಂದೇ. ಕುತ್ತಿಗೆಯಲ್ಲಿ ಇನ್ನೂ ಕೈಗೆ ಸಿಗುವ ಗಂಟಿನಲ್ಲಿ ರೋಗ ಉಳಿದಿದೆಯೇ ಅಥವಾ ಅದು ಬರಿಯ ಕಲೆಯೇ? ಉತ್ತರಕ್ಕೆ ನೆರವಾಗುವ ಪರೀಕ್ಷೆಗಳಲ್ಲಿ ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ದೊರೆಯುವಂಥದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಸ್ಕ್ಯಾನಿಂಗ್ ಎಂದೊಡನೆ ಬಸುರಿಯರ ತಪಾಸಣೆಯೇ ನೆನಪಾಗುತ್ತದೆ. ಅದೇ ಯಂತ್ರಕ್ಕೆ ಹೊಟ್ಟೆಯ ಬಾಗಿದ ಪ್ರೋಬ್ ಬದಲು ನೇರ ಪ್ರೋಬ್ ಜೋಡಿಸಿದರೆ ಕುತ್ತಿಗೆಯ ಗ್ರಂಥಿಗಳು ಮಿಲಿಮೀಟರ್ ಲೆಕ್ಕದಲ್ಲಿ ಕಾಣುತ್ತವೆ. ಇದರಲ್ಲಿ ವಿಕಿರಣವಿಲ್ಲ, ಎಷ್ಟು ಸಲ ಮಾಡಿಸಿದರೂ ಹಾನಿಯಿಲ್ಲ. ಪಕ್ಕದ ನಿಪ್ಪಾಣಿ ಬೀಡಿ ತಂಬಾಕಿನ ಹಳೆಯ ಮಾರುಕಟ್ಟೆ. ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾದರೂ ತಂಬಾಕು ಜಗಿಯುವ ಚಟ ಬಿಟ್ಟಿಲ್ಲ. ಭಾರತದ ಪುರುಷರಲ್ಲಿ ಬಾಯಿಯ ಕ್ಯಾನ್ಸರ್‌ನದೇ ಮೊದಲ ಸ್ಥಾನ ಎಂಬುದನ್ನು ಇಲ್ಲಿ ನೆನೆಯಬೇಕು.

ಏನನ್ನು ನೋಡುತ್ತಾರೆ?

ಆರೋಗ್ಯವಂತ ದುಗ್ಧಗ್ರಂಥಿಯು ಅವರೆಕಾಳಿನಂತೆ ಉದ್ದುದ್ದವಾಗಿದ್ದು, ನಡುವೆ ಕೊಬ್ಬಿನ ಬಿಳಿ ಗೆರೆಯನ್ನು ಹೊಂದಿರುತ್ತದೆ. ರಕ್ತನಾಳವೂ ಅಲ್ಲಿಂದಲೇ ಒಳಹೋಗುತ್ತದೆ. ಕ್ಯಾನ್ಸರ್ ಹೊಕ್ಕ ಗ್ರಂಥಿ ಗುಂಡಗಾಗುತ್ತದೆ, ಬಿಳಿ ಗೆರೆ ಅಳಿಸಿಹೋಗುತ್ತದೆ, ಡಾಪ್ಲರ್ ಹಾಕಿ ನೋಡಿದರೆ ಅಂಚಿನಿಂದ ಅಡ್ಡಾದಿಡ್ಡಿಯಾಗಿ ರಕ್ತ ನುಗ್ಗುತ್ತಿರುತ್ತದೆ. ಚಿಕಿತ್ಸೆ ಫಲಿಸಿದಲ್ಲಿ ಗಂಟು ಕುಗ್ಗುತ್ತದೆ, ರಕ್ತದ ಹರಿವೂ ಇಳಿಯುತ್ತದೆ. ಮುಖ್ಯವಾದುದು ಗ್ರಂಥಿಯ ಉದ್ದವಲ್ಲ, ಅಡ್ಡಳತೆ. 2009ರಲ್ಲಿ ಪರಿಷ್ಕೃತವಾದ 'ರೆಸಿಸ್ಟ್' ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅಡ್ಡಳತೆ 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಗ್ರಂಥಿ ಸಹಜ. ಆದರೆ ಇದೇ ಮಾನದಂಡವು ಅಂತಿಮ ಅಳತೆಗೆ ಸಿ.ಟಿ. ಅಥವಾ ಎಂ.ಆರ್.ಐ.ಯನ್ನು ಬಯಸುತ್ತದೆಯೇ ಹೊರತು ಅಲ್ಟ್ರಾಸೌಂಡನ್ನಲ್ಲ. ಪ್ರೋಬ್ ಹಿಡಿದ ಕೈ ಬದಲಾದರೆ ಅಳತೆಯೂ ಬದಲಾದೀತೆಂಬುದೇ ಕಾರಣ.

ಎಲ್ಲಿ ಸೋಲುತ್ತದೆ?

ಮೂಳೆ ಮತ್ತು ಗಾಳಿಯ ಹಿಂದೆ ಶಬ್ದದ ಅಲೆಗಳು ಸಾಗಲಾರವು. ಗಂಟಲಿನ ಹಿಂಭಾಗದ ಆಳದ ಗ್ರಂಥಿಗಳು, ಧ್ವನಿಪೆಟ್ಟಿಗೆಯ ಒಳಭಾಗ, ಎದೆಗೂಡು ಇದಕ್ಕೆ ಎಟುಕುವುದಿಲ್ಲ. ಜನರ ಬಾಯಲ್ಲಿ 'ಕರೆಂಟ್ ಕೊಡಿಸುವುದು' ಎನಿಸಿಕೊಂಡಿರುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ ನಡೆಯುತ್ತದೆ. ಮುಗಿದ ನಂತರವೂ ಕೆಲಕಾಲ ಕುತ್ತಿಗೆ ಬಾತುಕೊಂಡು ಗಟ್ಟಿಯಾಗಿರುತ್ತದೆ. ಆಗಲೇ ಅವಸರಪಟ್ಟು ಸ್ಕ್ಯಾನಿಂಗ್ ಮಾಡಿಸಿದರೆ ಸುಮ್ಮನೆ ಗಾಬರಿ. ಸೂಜಿ ಪರೀಕ್ಷೆಯೂ ಆ ಹಂತದಲ್ಲಿ ಗೊಂದಲದ ಫಲಿತಾಂಶ ನೀಡಬಹುದು.

ಬ್ರಿಟನ್ನಿನ 'ಪೆಟ್-ನೆಕ್' ಅಧ್ಯಯನ (2016) ಈ ಕಾಯುವಿಕೆಯ ಬೆಲೆಯನ್ನು ತೋರಿಸಿತು. 564 ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ಕುತ್ತಿಗೆಯ ಶಸ್ತ್ರಕ್ರಿಯೆಯನ್ನು ಮೊದಲೇ ನಿಗದಿಪಡಿಸಲಾಗಿತ್ತು. ಉಳಿದರ್ಧಕ್ಕೆ ಚಿಕಿತ್ಸೆ ಮುಗಿದ 12 ವಾರಗಳ ನಂತರ ಪೆಟ್-ಸಿ.ಟಿ. ಮಾಡಿ ನಿರ್ಧರಿಸಲಾಯಿತು. ಮೊದಲ ಗುಂಪಿನಲ್ಲಿ 221 ಶಸ್ತ್ರಕ್ರಿಯೆಗಳು ನಡೆದರೆ ಎರಡನೆಯದರಲ್ಲಿ ಕೇವಲ 54. ಬದುಕುಳಿದವರ ಪ್ರಮಾಣದಲ್ಲಿ ಎರಡನೆಯ ಗುಂಪು ಹಿಂದೆ ಬೀಳಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರದು ಗಂಟಲಿನ ಕ್ಯಾನ್ಸರ್. ನಮ್ಮಲ್ಲಿ ಹೆಚ್ಚಾಗಿರುವ ಬಾಯಿಯ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಶಸ್ತ್ರಕ್ರಿಯೆಯೇ ಆಗುವುದರಿಂದ ಈ ಲೆಕ್ಕವನ್ನು ಯಥಾವತ್ತಾಗಿ ಅನ್ವಯಿಸುವಂತಿಲ್ಲ.

ಕೆನಡಾದ ಟೊರಾಂಟೊ ನಗರದ ಸನ್ನಿಬ್ರೂಕ್ ಕೇಂದ್ರದ ಸಂಶೋಧಕರು ಚಿಕಿತ್ಸೆಯ ಮೊದಲ ವಾರಗಳಲ್ಲಿಯೇ ಗಂಟಿನಿಂದ ಮರಳುವ ಅಲೆಗಳನ್ನು ಗಣಕದಿಂದ ವಿಶ್ಲೇಷಿಸಿ ಫಲಿತಾಂಶ ಮುನ್ನುಡಿಯಲು ಯತ್ನಿಸಿದ್ದಾರೆ. ಅದಿನ್ನೂ ಸಂಶೋಧನೆಯ ಹಂತದ್ದು. ನಮ್ಮ ಪೇಟೆಯ ಯಂತ್ರಗಳಿಂದ ಅದನ್ನು ನಿರೀಕ್ಷಿಸಲಾಗದು.

ಊರಿನಲ್ಲಿ ಮಾಡಿಸುವುದಾದರೆ

ಈ ಭಾಗದವರು ಬೆಳಗಾವಿ, ಹುಬ್ಬಳ್ಳಿ ಇಲ್ಲವೇ ಗಡಿಯಾಚೆಯ ಕೊಲ್ಹಾಪುರ, ಮಿರಜಗಳಿಗೆ ಚಿಕಿತ್ಸೆಗೆ ಹೋಗುತ್ತಾರೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ನಡುನಡುವಿನ ಸ್ಕ್ಯಾನಿಂಗ್ ಊರಿನ ಸಮೀಪದಲ್ಲೇ ಆದರೆ ಕೆಲವು ಬಸ್ ಪ್ರಯಾಣಗಳೂ ಕೂಲಿಯ ದಿನಗಳೂ ಉಳಿಯುತ್ತವೆ. ಇದಕ್ಕೆ ಮೊದಲು ಚಿಕಿತ್ಸೆ ನೀಡಿದ ವೈದ್ಯರ ಒಪ್ಪಿಗೆ ಬೇಕು. ಪ್ರತಿ ಸಲವೂ ಸಾಧ್ಯವಾದಷ್ಟು ಒಂದೇ ಕೇಂದ್ರದಲ್ಲಿ ಮಾಡಿಸುವುದು, ಚಿಕಿತ್ಸೆಗೆ ಮುಂಚಿನ ವರದಿಯನ್ನು ಜೊತೆಗೆ ಒಯ್ಯುವುದು ಅಗತ್ಯ. 'ಗಂಟು ಕಡಿಮೆಯಾಗಿದೆ' ಎಂದಷ್ಟೇ ಬರೆದ ವರದಿ ನಿರುಪಯುಕ್ತ. ಕುತ್ತಿಗೆಯ ಯಾವ ಪಕ್ಕ, ಯಾವ ಮಟ್ಟ, ಅಡ್ಡಳತೆ ಎಷ್ಟು ಮಿ.ಮೀ., ರಕ್ತದ ಹರಿವು ಹೇಗಿದೆ ಎಂಬುದು ಅದರಲ್ಲಿರಬೇಕು.

ಹೊಸ ಗಂಟು ಕಾಣಿಸಿಕೊಂಡರೆ, ಇದ್ದುದು ಬೆಳೆದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ 12 ವಾರ ಕಾಯದೆ ಚಿಕಿತ್ಸೆ ಪಡೆದ ಆಸ್ಪತ್ರೆಗೇ ನೇರವಾಗಿ ಹೋಗಬೇಕು.